ಕೊಲಂಬಿಯಾ ಕಾಫಿ ತಗೊಳ್ಳೋ ಮುಂಚೆ ಪ್ಯಾಕೆಟ್ ಹಿಂದೆ ಏನ್ ನೋಡ್ಬೇಕು, ಯಾವ ಸೀಮೆದು ಯಾವ ರುಚಿ

ನಮ್ಮನೆ ಸಕಲೇಶಪುರದ ಹತ್ರ, ಕಣದಲ್ಲಿ ಪಾರ್ಚ್‌ಮೆಂಟ್ (ಸಿಪ್ಪೆ ಬಿಡಿಸಿ ತೊಳೆದ ಕಾಫಿ ಬೀಜ) ಒಣಗ್ಸೋದನ್ನ ನೋಡ್ಕೊಂಡೇ ಬೆಳೆದಿದ್ದು, ಹಾಗಾಗಿ ಕಾಫಿ ಬಗ್ಗೆ ಗೊತ್ತು ಅನ್ನೋ ಧೈರ್ಯ ಇತ್ತು. ಅಮೆರಿಕಕ್ಕೆ ಬಂದ ಹೊಸದ್ರಲ್ಲಿ ಊರಿಂದ ತಂದಿದ್ದ ಪುಡಿ ಮುಗೀತು, ಸೂಪರ್‌ಮಾರ್ಕೆಟ್‌ಗೆ ಹೋಗಿ '100% ಕೊಲಂಬಿಯನ್' ಅಂತಿದ್ದ ಪ್ಯಾಕೆಟ್ ತಂದು ಹಿತ್ತಾಳೆ ಫಿಲ್ಟರ್‌ಗೆ ಹಾಕಿ ಹಾಲು ಬೆರೆಸಿದೆ, ಪರ್ವಾಗಿಲ್ಲ, ಊರ ಕಾಫಿ ಹತ್ರಹತ್ರ ಬಂತು. ತಿಂಗಳಾದ್ಮೇಲೆ ಇನ್ನೊಂದು ಅಂಗಡೀಲಿ ಅದ್ರ ಎರಡು ಪಟ್ಟು ರೇಟಿನ ಪ್ಯಾಕೆಟ್ ಸಿಕ್ತು, ಅದೂ ಕೊಲಂಬಿಯಾದೇ, ಅದೇ ಫಿಲ್ಟರ್, ಅದೇ ಹಾಲು, ಅದೇ ಅಳತೆ, ಬಾಯಿಗಿಟ್ರೆ ಹುಳಿ. ಹಾಲು ಕೆಟ್ಟಿದೆ ಅಂದ್ಕೊಂಡು ಬೇರೆ ಹಾಲು ಕಾಯ್ಸಿ ಮತ್ತೆ ಮಾಡಿದ್ರೂ ಹಾಗೇ. ಆಮೇಲೆ ಪ್ಯಾಕೆಟ್ ತಿರುಗ್ಸಿ ನೋಡಿದೆ, ಸಣ್ಣ ಅಕ್ಷರದಲ್ಲಿ ನಾರಿನ್ಯೊ (ಅಲ್ಲಿನ ದಕ್ಷಿಣದ ಒಂದು ಸೀಮೆ), 2,000 ಮೀಟರ್, ಲೈಟ್ ರೋಸ್ಟ್ (ಕಮ್ಮಿ ಹುರಿದಿದ್ದು) ಅಂತ ಬರೆದಿತ್ತು. ಕಾಫೀಲಿ ಏನೂ ತಪ್ಪಿರ್ಲಿಲ್ಲ, ಅದು ಹಾಲಿಗೆ ಹಾಕೋ ಕಾಫಿನೇ ಅಲ್ಲ. ಅದೇ ಪ್ಯಾಕೆಟ್ಟನ್ನ ಹಾಲು ಸಕ್ಕರೆ ಇಲ್ದೆ ಪೇಪರ್ ಫಿಲ್ಟರ್‌ನಲ್ಲಿ ಸೋಸಿ ಕುಡಿದ ದಿನ ಮೂಸಂಬಿ ಸುಲಿದಾಗ ಬರೋ ಥರದ ವಾಸನೆ, ಕೊನೇಲಿ ಬೆಲ್ಲದ ಸಿಹಿ, ಇಂಥ ಕಾಫಿನ ಚರಂಡಿಗೆ ಸುರಿದ್ನಲ್ಲ ಅಂತ ನಿಜವಾಗ್ಲೂ ಬೇಜಾರಾಯ್ತು.

ಅವತ್ತಿಂದ ನನಗೆ ಖಚಿತ ಆಗಿದ್ದು ಇಷ್ಟು: ಕೊಲಂಬಿಯಾ ಅನ್ನೋದು ಒಂದು ದೇಶದ ಹೆಸರು, ಒಂದು ರುಚಿ ಹೆಸರಲ್ಲ. ಒಂದೇ ರುಚಿ ಅಂತ ನಮ್ಮ ತಲೇಲಿ ಕೂತಿರೋದಕ್ಕೆ ಕಾರಣನೂ ಇದೆ. ಅಲ್ಲಿನ ಬೆಳೆಗಾರರ ಒಕ್ಕೂಟ 1927ರಲ್ಲಿ ಶುರುವಾಗಿದ್ದು, 1950ರ ದಶಕದ ಕೊನೇಲಿ ಅವರು ಹುವಾನ್ ವಾಲ್ಡೆಸ್ ಅಂತ ಒಬ್ಬ ಬೆಳೆಗಾರನ ಪಾತ್ರ ಮಾಡಿ, ಪಕ್ಕದಲ್ಲೊಂದು ಹೇಸರಗತ್ತೆ ನಿಲ್ಸಿ, ಇಡೀ ದೇಶದ ಕಾಫಿನ ಒಂದೇ ಹೆಸರಲ್ಲಿ ಪ್ರಪಂಚಕ್ಕೆ ಮಾರಿದ್ರು. ಬೆಳೆಗಾರರಿಗೆ ಅದ್ರಿಂದ ಒಳ್ಳೇದೇ ಆಯ್ತು, ಆದ್ರೆ ಉತ್ತರದ ಕಾಯಿ ದಕ್ಷಿಣದ ಕಾಯಿ ಎಲ್ಲಾ ಬೆರೆತು ಹೋಗಿ ಸೀಮೆ ಹೆಸರುಗಳು ತುಂಬಾ ವರ್ಷ ಮರೆಯಲ್ಲೇ ಉಳಿದ್ವು. ಈಗ ನಮ್ಮ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ತಲ್ಲ, ಹಾಗೆ ಅವರಲ್ಲೂ ನಾರಿನ್ಯೊ, ಕೌಕಾ ಸೀಮೆಗಳಿಗೆ 2011ರಲ್ಲಿ, ವೀಲಾಗೆ 2013ರಲ್ಲಿ ಬೇರೆಬೇರೆ ಮಾನ್ಯತೆ ಸಿಕ್ಕಿದೆ. ಅದಕ್ಕೇ ಈಗ ಪ್ಯಾಕೆಟ್ ಮೇಲೆ ಊರ ಹೆಸರು ಬರ್ತಿದೆ, ಅದನ್ನ ಓದೋದು ಕಲಿತ್ರೆ ದುಡ್ಡು ದಂಡ ಆಗಲ್ಲ.

ಹೆಜ್ಜೆ 1: ಮೊದಲು ನಕಾಶೆ ತಲೇಲಿ ಇಟ್ಕೊಳ್ಳಿ

ಇದೊಂದು ಕೂತ್ಬಿಟ್ರೆ ಮುಂದಿಂದೆಲ್ಲ ಸಲೀಸು. ಆಂಡೀಸ್ ಪರ್ವತ ಈಕ್ವೆಡಾರ್ ಕಡೆಯಿಂದ ಕೊಲಂಬಿಯಾದ ದಕ್ಷಿಣ ತುದಿಗೆ ಬಂದು ಅಲ್ಲಿಂದ ಮೂರು ಕವಲಾಗಿ ಒಡೆಯುತ್ತೆ, ಪಶ್ಚಿಮದ್ದೊಂದು, ಮಧ್ಯದ್ದೊಂದು, ಪೂರ್ವದ್ದೊಂದು, ಮೂರೂ ಉತ್ತರಕ್ಕೆ ಹೋಗ್ತವೆ. ಮಧ್ಯದ ಕಣಿವೆಗಳಲ್ಲಿ ಎರಡು ದೊಡ್ಡ ನದಿ, ಕೌಕಾ ಮತ್ತೆ ಮಾಗ್ದಲೇನಾ. ಕಾಫಿ ತೋಟ ಎಲ್ಲ ಈ ಬೆಟ್ಟಗಳ ಇಳಿಜಾರಲ್ಲೇ. ಇದಲ್ದೆ ಉತ್ತರದಲ್ಲಿ ಕೆರಿಬಿಯನ್ ಕಡಲಿನ ಪಕ್ಕದಲ್ಲೇ ಒಂಟಿಯಾಗಿ ಸಿಯೆರ್ರಾ ನೆವಾದಾ ಅಂತ ಇನ್ನೊಂದು ಬೆಟ್ಟ ಇದೆ, ಅದು ಆಂಡೀಸ್‌ಗೆ ಸೇರಿದ್ದಲ್ಲ.

ಈಗ ಒಂದು ಒರಟು ಲೆಕ್ಕ: ದಕ್ಷಿಣಕ್ಕೆ ಹೋದಷ್ಟೂ ಹುಳಿ, ಹೂವು, ಹಣ್ಣು. ಉತ್ತರಕ್ಕೆ ಹೋದಷ್ಟೂ ಹುಳಿ ಕಮ್ಮಿ, ಕಾಫಿ ಗಟ್ಟಿ, ಚಾಕಲೇಟು, ಹುರಿದ ಕಡ್ಲೆಬೀಜ. ಮಧ್ಯದಲ್ಲಿ ಎರಡೂ ಸಮಸಮ. ಯಾಕೆ ಹೀಗೆ ಅಂದ್ರೆ ದಕ್ಷಿಣದ ತುದಿ ಸಮಭಾಜಕ ವೃತ್ತಕ್ಕೆ ತೀರಾ ಹತ್ರ, ಬಿಸಿಲಿನ ಕಾವು ಇರೋದ್ರಿಂದ 2,000 ಮೀಟರ್ ಎತ್ತರದಲ್ಲೂ ಗಿಡ ಬದುಕುತ್ತೆ, ಆದ್ರೆ ಅಷ್ಟು ಎತ್ತರದಲ್ಲಿ ರಾತ್ರಿ ಚಳಿ, ಕಾಯಿ ನಿಧಾನಕ್ಕೆ ಹಣ್ಣಾಗತ್ತೆ, ನಿಧಾನಕ್ಕೆ ಹಣ್ಣಾದಷ್ಟೂ ಬೀಜದಲ್ಲಿ ಸಿಹಿ ಹುಳಿ ಎರಡೂ ಜಾಸ್ತಿ ಕೂಡ್ಕೊಳ್ಳತ್ತೆ, ಬೀಜನೂ ಗಟ್ಟಿ. ಉತ್ತರದಲ್ಲಿ ತೋಟಗಳು ಅಷ್ಟು ಮೇಲಕ್ಕೆ ಹೋಗಲ್ಲ. ನಮ್ಮ ಚಿಕ್ಕಮಗಳೂರು ಕಡೆ ಅರೇಬಿಕಾ ಹೆಚ್ಚಾಗಿ 1,000ದಿಂದ 1,500 ಮೀಟರ್ ಒಳಗೆ, ಜೊತೆಗೆ ಮರದ ನೆರಳು, ಅದಕ್ಕೇ ಕೊಲಂಬಿಯಾದ ಉತ್ತರದ ಕಾಫಿ ನಮ್ಮ ನಾಲಿಗೆಗೆ ಪರಿಚಯದ್ದು ಅನ್ಸತ್ತೆ, ದಕ್ಷಿಣದ್ದು ಹೊಸದು ಅನ್ಸತ್ತೆ.

ಹೆಜ್ಜೆ 2: ಪ್ಯಾಕೆಟ್ ಮೇಲೆ ಸೀಮೆ ಹೆಸರು ಹುಡುಕಿ

ನಮ್ಮಲ್ಲಿ ರಾಜ್ಯ, ಜಿಲ್ಲೆ ಇದ್ದ ಹಾಗೆ ಅಲ್ಲಿ ಡಿಪಾರ್ಟ್‌ಮೆಂಟ್ ಅಂತಾರೆ. ಒಳ್ಳೆ ಪ್ಯಾಕೆಟ್ ಆದ್ರೆ ಡಿಪಾರ್ಟ್‌ಮೆಂಟ್ ಹೆಸರು, ಅದ್ರ ಕೆಳಗೆ ಊರಿನ ಹೆಸರು ಇರತ್ತೆ. ಬರೀ ಕೊಲಂಬಿಯಾ ಅಂತಷ್ಟೇ ಇದ್ರೆ ಬೆರೆಸಿದ ಕಾಫಿ ಅಂತ ತಿಳ್ಕೊಳ್ಳಿ, ಅದು ಕೆಟ್ಟದ್ದೇನಲ್ಲ, ದಿನಬಳಕೆಗೆ ಸರಿ, ಆದ್ರೆ ಅದಕ್ಕೆ ಜಾಸ್ತಿ ದುಡ್ಡು ಕೊಡ್ಬೇಡಿ.

ದಕ್ಷಿಣದಿಂದ ಶುರು ಮಾಡೋಣ.

ನಾರಿನ್ಯೊ. ಈಕ್ವೆಡಾರ್ ಗಡಿ. ಗಲೇರಾಸ್ ಅನ್ನೋ ಜ್ವಾಲಾಮುಖಿ ಸುತ್ತಮುತ್ತ ಬೂದಿ ಮಣ್ಣು, ಬುಯೆಸಾಕೊ, ಲಾ ಉನಿಯೋನ್, ಸಾಂದೊನಾ ಅಂತ ಊರುಗಳು. ಇಲ್ಲಿ ಒಂದು ವಿಷಯ ನಂಗೆ ತುಂಬಾ ಇಷ್ಟ, ಇಷ್ಟು ಎತ್ತರದಲ್ಲಿ ರಾತ್ರಿ ಚಳಿಗೆ ಗಿಡ ಸುಟ್ಟು ಹೋಗ್ಬೇಕಿತ್ತು, ಆದ್ರೆ ಕೆಳಗಿನ ಆಳವಾದ ಕಣಿವೆಗಳಲ್ಲಿ ಹಗಲೆಲ್ಲ ಕಾದ ಬಿಸಿಗಾಳಿ ರಾತ್ರಿ ಇಳಿಜಾರು ಹತ್ತಿ ಮೇಲೆ ಬರತ್ತೆ, ಅದೇ ಗಿಡಗಳಿಗೆ ಕಂಬಳಿ. ಹಿಡುವಳಿಗಳು ತೀರಾ ಚಿಕ್ಕವು, ಒಂದು ಹೆಕ್ಟೇರ್ ಅಂದ್ರೆ ನಮ್ಮ ಎರಡೂವರೆ ಎಕರೆಗಿಂತ ಕಮ್ಮಿ ಇರೋರೇ ಜಾಸ್ತಿ, ಮನೆಯವರೇ ಕುಯ್ದು ಮನೆ ಹಿಂದೇನೇ ಪಲ್ಪಿಂಗ್ ಮಾಡಿ, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸಿ, ಒಣಗಿಸ್ತಾರೆ. ರುಚಿ: ನಿಂಬೆ, ಮೂಸಂಬಿ ಕಡೆಯ ಸ್ವಚ್ಛವಾದ ಹುಳಿ, ಹಿಂದೆಯೇ ಸಿಹಿ, ಕಾಫಿ ತೆಳು ಅನ್ಸತ್ತೆ ಆದ್ರೆ ನೀರು ನೀರಲ್ಲ. ಹಾಲು ಬೇಡ.

ಕೌಕಾ. ಪೊಪಯಾನ್ ಪ್ರಸ್ಥಭೂಮಿ, ಆ ಕಡೆ ಇನ್ಸಾ ಅಂತ ಊರು, ಪುರಾಸೆ ಜ್ವಾಲಾಮುಖಿ. ನಾರಿನ್ಯೊ ಥರಾನೇ ಹುಳಿ ಇದೆ, ಆದ್ರೆ ಇದ್ರಲ್ಲಿ ಕ್ಯಾರಮೆಲ್ ಥರದ ಸಿಹಿ ಮುಂದಕ್ಕೆ ಬರತ್ತೆ, ಹೂವಿನ ವಾಸನೆ ಇರತ್ತೆ. ಹುಳಿ ಕಾಫಿಗೆ ಹೊಸಬ್ರು ಆದ್ರೆ ನಾರಿನ್ಯೊಗಿಂತ ಮುಂಚೆ ಇದನ್ನ ಕುಡೀರಿ, ಒಗ್ಗತ್ತೆ.

ವೀಲಾ. ಇಂಗ್ಲಿಷ್‌ನಲ್ಲಿ ಬರೆದಾಗ ಎಚ್ ಅಕ್ಷರದಿಂದ ಶುರು ಆಗತ್ತೆ, ಸ್ಪ್ಯಾನಿಷ್‌ನಲ್ಲಿ ಎಚ್ ಉಚ್ಚಾರಣೆ ಇಲ್ಲ, ವೀಲಾ ಅಂತಾನೇ ಕೇಳಿ. ಈಗ ದೇಶದಲ್ಲೇ ಅತಿ ಹೆಚ್ಚು ಕಾಫಿ ಬೆಳೆಯೋದು ಈ ಡಿಪಾರ್ಟ್‌ಮೆಂಟ್. ಮಾಗ್ದಲೇನಾ ನದಿ ಮೇಲಿನ ಕಣಿವೆ, ಪಿತಾಲಿತೊ, ಅಸೆವೆದೊ, ಸಾನ್ ಅಗುಸ್ತಿನ್, ಗಾರ್ಸೋನ್, ಈ ಹೆಸರು ಕಂಡ್ರೆ ಕಣ್ಮುಚ್ಕೊಂಡು ತಗೊಳ್ಳಿ ಅಂತೀನಿ ನಾನು. ಯಾಕಂದ್ರೆ ಇಲ್ಲಿ ಹುಳಿ, ಸಿಹಿ, ಗಟ್ಟಿತನ ಮೂರೂ ಒಂದೇ ಲೋಟದಲ್ಲಿ ಸಿಗತ್ತೆ. ಕೆಂಪು ದ್ರಾಕ್ಷಿ, ನೇರಳೆ ಥರದ ಹಣ್ಣಿನ ರುಚಿ, ಸ್ವಲ್ಪ ವೈನ್ ಛಾಯೆ, ಹಿಂದೆ ಕ್ಯಾರಮೆಲ್. ಕೊಲಂಬಿಯಾದ ಒಂದೇ ಒಂದು ಕಾಫಿ ಕುಡಿಯೋಕೆ ಅವಕಾಶ ಇದೆ ಅಂದ್ರೆ ವೀಲಾದ್ದೇ ಕುಡೀರಿ.

ಪಿಂಕ್ ಬೋರ್ಬೋನ್ ಅನ್ನೋ ತಳಿ ಹೆಸರು ಮಾಡಿದ್ದೂ ಇಲ್ಲಿಂದಾನೇ. ಹಣ್ಣಾದಾಗ ಕಾಯಿ ಕೆಂಪಾಗಲ್ಲ, ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಕೆಂಪು ಬೋರ್ಬೋನ್ ಹಳದಿ ಬೋರ್ಬೋನ್ ಕೂಡಿ ಆಗಿದ್ದು ಅಂತ ತುಂಬಾ ದಿನ ನಂಬಿದ್ರು, ಜೆನೆಟಿಕ್ ಪರೀಕ್ಷೆ ಮಾಡಿದಾಗ ಇಥಿಯೋಪಿಯಾ ಮೂಲದ ತಳಿಗಳಿಗೆ ಹತ್ರ ಅಂತ ಗೊತ್ತಾಯ್ತು. ರೇಟ್ ಜಾಸ್ತಿ, ಆದ್ರೆ ಹೂವಿನ ಘಮಕ್ಕೆ ಒಂದು ಸಲ ಕುಡೀಲೇಬೇಕು.

ತೋಲಿಮಾ. ವೀಲಾದ ಪಕ್ಕ, ಪ್ಲಾನಾದಾಸ್ ಮತ್ತೆ ಚಾಪರಾಲ್ ಅಂತ ಎರಡು ಹೆಸರು ನೆನಪಿಟ್ಕೊಳ್ಳಿ. ಈ ಪ್ಲಾನಾದಾಸ್ ಸೀಮೆಯ ಮಾರ್ಕೆತಾಲಿಯಾದಲ್ಲೇ 1964ರಲ್ಲಿ ಸರ್ಕಾರದ ವಿರುದ್ಧ ಬಂದೂಕು ಹಿಡಿದ ಫಾರ್ಕ್ ಗೆರಿಲ್ಲಾಗಳ ಕತೆ ಶುರುವಾಗಿದ್ದು, ಅಲ್ಲಿಂದ ಐವತ್ತು ವರ್ಷ ಬಂದೂಕಿನ ಮಧ್ಯೆ ಜನ ಕಾಫಿ ಬೆಳೆದ್ರು, ಹೊರಗಿನ ವ್ಯಾಪಾರಿಗಳು ಕಾಲಿಡೋಕೆ ಹೆದರ್ತಿದ್ರು, ಒಳ್ಳೆ ಕಾಫಿ ಇದ್ರೂ ಹೆಸರು ಬರ್ಲಿಲ್ಲ. 2016ರ ಶಾಂತಿ ಒಪ್ಪಂದದ ಆಸುಪಾಸಿನ ವರ್ಷಗಳಿಂದ ಈಚೆಗೆ ಪ್ಯಾಕೆಟ್ ಮೇಲೆ ಈ ಊರುಗಳ ಹೆಸರು ನೋಡೋದು ಮಾಮೂಲಾಗಿದೆ. ಮೂಸಂಬಿ, ಕಿತ್ತಳೆ, ಹಣ್ಣಿನ ಸಿಹಿ. ಪ್ಲಾನಾದಾಸ್ ಕಾಫಿ ಕುಡಿವಾಗ ಆ ಜನ ಏನೇನ್ ನೋಡಿರ್ಬಹುದು ಅಂತ ನನಗೆ ನೆನಪಾಗ್ದೆ ಇರಲ್ಲ.

ಇನ್ನು ಮಧ್ಯದ ಸೀಮೆ. ಕಾಲ್ದಾಸ್, ರಿಸಾರಾಲ್ದಾ, ಕಿಂದಿಯೋ, ಈ ಮೂರನ್ನ ಸೇರಿಸಿ ಕಾಫಿ ಅಕ್ಷ ಅಂತ ಕರೀತಾರೆ, ಮಾನಿಸಾಲೆಸ್, ಪೆರೇರಾ, ಆರ್ಮೇನಿಯಾ ಇವುಗಳ ದೊಡ್ಡ ಊರುಗಳು. ಪಕ್ಕದ ವಾಯೆ ದೆಲ್ ಕೌಕಾದ ಭಾಗನೂ ಸೇರಿಸಿ 2011ರಲ್ಲಿ ಯುನೆಸ್ಕೋ ಇಲ್ಲಿನ ಕಾಫಿ ಭೂದೃಶ್ಯವನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಟೂರಿಸ್ಟ್ ಫೋಟೋಗಳಲ್ಲಿ ಕಾಣೋ ಬಣ್ಣಬಣ್ಣದ ಬಾಗಿಲು, ಕಡಿದಾದ ಹಸಿರು ಗುಡ್ಡ, ಎಲ್ಲ ಇಲ್ಲಿದೇ. ಇದ್ರ ಉತ್ತರಕ್ಕೆ ಆಂತಿಯೋಕಿಯಾ, ಮೆದೆಯಿನ್ ನಗರದ ಸೀಮೆ, ಹಾರ್ದಿನ್, ಆಂದೆಸ್, ಸಿಯುದಾದ್ ಬೊಲಿವಾರ್ ಅಂತ ಊರುಗಳು. ರುಚಿ ಎಲ್ಲಾ ಕಡೆ ಸುಮಾರು ಒಂದೇ ದಿಕ್ಕು: ಹಾಲಿನ ಚಾಕಲೇಟು, ಹುರಿದ ಬೀಜ, ಕ್ಯಾರಮೆಲ್, ಮೆತ್ತಗಿನ ಹುಳಿ. ಹಳೇ ವ್ಯಾಪಾರಿಗಳು ಮೆದೆಯಿನ್, ಆರ್ಮೇನಿಯಾ, ಮಾನಿಸಾಲೆಸ್ ಮೂರರ ಮೊದಲಕ್ಷರ ಸೇರಿಸಿ 'ಮ್ಯಾಮ್' ಅಂತ ಮಾರ್ತಿದ್ರು, ಕೊಲಂಬಿಯಾ ಕಾಫಿ ಅಂದ್ರೆ ಹೀಗೇ ಇರತ್ತೆ ಅಂತ ನಮ್ಮ ಅಪ್ಪನ ಕಾಲದೋರು ಹೇಳ್ತಿದ್ದ ರುಚಿ ಇದೇ. ಒಂದು ಅಪವಾದ, ಆಂತಿಯೋಕಿಯಾದ ಉರ್ರಾವೊ ಅನ್ನೋ ಊರಿಂದ ಚಿರೋಸೊ ಅಂತ ತಳಿ ಬರತ್ತೆ, ಅದು ಹೂವು ಹಣ್ಣು, ಚಾಕಲೇಟ್ ಅಂದ್ಕೊಂಡು ತಗೊಂಡ್ರೆ ಬೇರೇನೇ ಸಿಗತ್ತೆ.

ಉತ್ತರ. ಸಾಂತಾಂದೆರ್ ಮತ್ತೆ ನೊರ್ತೆ ದೆ ಸಾಂತಾಂದೆರ್, ಪೂರ್ವದ ಕವಲಿನಲ್ಲಿ, ಕೊಲಂಬಿಯಾದಲ್ಲಿ ವ್ಯಾಪಾರಕ್ಕೆ ಅಂತ ಕಾಫಿ ಬೆಳೆಯೋಕೆ ಮೊದಲು ಶುರು ಮಾಡಿದ್ದು ಈ ಕಡೇನೇ. ಸಲಾಸಾರ್ ದೆ ಲಾಸ್ ಪಾಲ್ಮಾಸ್ ಅನ್ನೋ ಊರಲ್ಲಿ ಫ್ರಾನ್ಸಿಸ್ಕೊ ರೊಮೇರೊ ಅಂತ ಪಾದ್ರಿ ಇದ್ರಂತೆ, ತಪ್ಪೊಪ್ಪಿಗೆಗೆ ಬಂದವ್ರಿಗೆ ಪ್ರಾಯಶ್ಚಿತ್ತ ಅಂತ ಕಾಫಿ ಗಿಡ ನೆಡಿ ಅಂತಿದ್ರಂತೆ, ಹಾಗೆ ಹಬ್ಬಿದ್ದು ಅಂತ ಅಲ್ಲಿ ಕತೆ ಹೇಳ್ತಾರೆ. ಇಲ್ಲಿ ಮರದ ನೆರಳಲ್ಲಿ ಬೆಳೀತಾರೆ. ಗಟ್ಟಿ ಕಾಫಿ, ಹುಳಿ ಕಮ್ಮಿ, ಕಪ್ಪು ಚಾಕಲೇಟು, ಸ್ವಲ್ಪ ಗಿಡಮೂಲಿಕೆ, ಹೊಗೆಸೊಪ್ಪಿನ ಛಾಯೆ. ಸಿಯೆರ್ರಾ ನೆವಾದಾ ಇನ್ನೂ ಚೆಂದ, ಕಡಲಿಂದ 42 ಕಿಲೋಮೀಟರ್ ದೂರದಲ್ಲೇ ಸುಮಾರು 5,700 ಮೀಟರ್ ಎತ್ತರದ ಹಿಮದ ಶಿಖರ, ಕೆಳಗಿನ ಇಳಿಜಾರಲ್ಲಿ ಕಾಡಿನ ನೆರಳಲ್ಲಿ ಕಾಫಿ, ಆರ್ಹುವಾಕೊ, ಕೊಗಿ ಅಂತ ಆದಿವಾಸಿ ಸಮುದಾಯಗಳು ಬೆಳೀತಾರೆ, ಆರ್ಗ್ಯಾನಿಕ್ ಅಂತ ಬರೋ ಪ್ಯಾಕೆಟ್‌ಗಳಲ್ಲಿ ಇಲ್ಲಿದ್ದು ಬಹಳ. ಮಲೆನಾಡಿನ ಮನೆ ಕಾಫಿಗೆ ಒಗ್ಗಿದವ್ರಿಗೆ ಕೊಲಂಬಿಯಾದಲ್ಲಿ ಹತ್ರದ ನೆಂಟ ಅಂದ್ರೆ ಇದೇ.

ಹೆಜ್ಜೆ 3: ಎತ್ತರ, ತಿಂಗಳು, ಹುರಿದ ತಾರೀಕು

ಎತ್ತರ ಬರೆದಿರ್ತಾರೆ. 1,700 ಮೀಟರ್ ಮೇಲಿದ್ರೆ ಹುಳಿ ನಿರೀಕ್ಷೆ ಮಾಡಿ, 1,400ರ ಕೆಳಗಿದ್ರೆ ಗಟ್ಟಿ ಕಾಫಿ ನಿರೀಕ್ಷೆ ಮಾಡಿ. ಸೀಮೆ ಗೊತ್ತಿಲ್ದಿದ್ರೂ ಇದೊಂದ್ರಿಂದಾನೇ ಅರ್ಧ ಊಹೆ ಮಾಡ್ಬಹುದು.

ಕೊಯ್ಲಿನ ತಿಂಗಳು ಸ್ವಲ್ಪ ಗೋಜಲು. ನಮ್ಮಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ರೆ ಇಡೀ ತೋಟ ಒಟ್ಟಿಗೆ ಬೆಳ್ಳಗಾಗತ್ತೆ, ನವೆಂಬರ್‌ನಿಂದ ಅರೇಬಿಕಾ ಕುಯ್ಲು, ಮುಗೀತು. ಕೊಲಂಬಿಯಾದ ಮಧ್ಯಭಾಗದಲ್ಲಿ ವರ್ಷಕ್ಕೆ ಎರಡು ಮಳೆಗಾಲ, ಹೂವು ಬಿಡೋದೂ ಸಲಸಲ, ಒಂದೇ ಕೊಂಬೇಲಿ ಹೂವು, ಹಸಿರು ಕಾಯಿ, ಹಣ್ಣು ಮೂರೂ ಇರತ್ತೆ, ಹಾಗಾಗಿ ಒಂದು ದೊಡ್ಡ ಕುಯ್ಲು, ಆರು ತಿಂಗಳಾದ್ಮೇಲೆ ಒಂದು ಚಿಕ್ಕ ಕುಯ್ಲು, ಚಿಕ್ಕದಕ್ಕೆ ಮಿತಾಕಾ ಅಂತಾರೆ. ಆಂತಿಯೋಕಿಯಾ, ಕಾಲ್ದಾಸ್ ಕಡೆ ದೊಡ್ಡದು ವರ್ಷದ ಕೊನೇಲಿ. ಉತ್ತರದಲ್ಲಿ ಕುಯ್ಲು ಒಂದೇ, ಅದೂ ವರ್ಷದ ಕೊನೇಲೇ. ನಾರಿನ್ಯೊ, ಕೌಕಾದಲ್ಲಿ ಮುಖ್ಯ ಕುಯ್ಲು ಏಪ್ರಿಲ್‌ನಿಂದ ಜುಲೈ ಒಳಗೆ. ಬೀಜ ಒಣಗಿ, ಹಡಗು ಹತ್ತಿ ನಿಮ್ಮ ಊರಿಗೆ ಬರೋಕೆ ಮೂರ್ನಾಲ್ಕು ತಿಂಗಳು ಹಿಡಿಯತ್ತೆ ಅಂತ ಲೆಕ್ಕ ಹಾಕಿ, ಅಂದ್ರೆ ದಕ್ಷಿಣದ ಹೊಸ ಕಾಫಿ ಬೇಕಂದ್ರೆ ವರ್ಷದ ಕೊನೇಲಿ ಹುಡುಕಿ, ಉತ್ತರದ್ದು ಬೇಕಂದ್ರೆ ಏಪ್ರಿಲ್ ಮೇ ಕಡೆ.

ಎಲ್ಲಕ್ಕಿಂತ ಮುಖ್ಯ ಹುರಿದ ತಾರೀಕು. ಇದಿಲ್ದಿರೋ ಪ್ಯಾಕೆಟ್ ಮುಟ್ಬೇಡಿ. ಬೆಸ್ಟ್ ಬಿಫೋರ್ ಅಂತಿರೋದು ಲೆಕ್ಕಕ್ಕಿಲ್ಲ, ಅದು ಹುರಿದ ತಾರೀಕಲ್ಲ. ಲೈಟ್ ರೋಸ್ಟ್ ಆದ್ರೆ ಹುರಿದು ಹತ್ತು ದಿನ ಬಿಟ್ಟು ಶುರು ಮಾಡಿ, ಒಂದೂವರೆ ತಿಂಗಳೊಳಗೆ ಮುಗಿಸಿ. ನಾನು ಒಂದ್ಸಲ ಊರಿಗೆ ಹೋದಾಗ ಒಂದು ಅಂಗಡೀಲಿ ಚಿನ್ನದ ಬಣ್ಣದ ಡಬ್ಬದಲ್ಲಿ ಕೊಲಂಬಿಯಾ ಸುಪ್ರೀಮೊ ಅಂತ ನೋಡಿ ಆಸೆಪಟ್ಟು ತಗೊಂಡೆ, ರೇಟ್ ಕೇಳಿ ಅಮ್ಮ ಬೈದ್ರು ಕೂಡ, ಇಂಡಿಯಾಕ್ಕೆ ಹೊರಗಿನ ಕಾಫಿ ತರೋಕೆ ಸುಂಕ ಜಾಸ್ತಿ ಅಂತ ಸಮಾಧಾನ ಹೇಳ್ದೆ, ತೆಗೆದು ನೋಡಿದ್ರೆ ವಾಸನೇನೇ ಇಲ್ಲ, ರಟ್ಟು ಬೇಯಿಸಿದ ಹಾಗಿತ್ತು. ಹುರಿದ ತಾರೀಕು ಎಲ್ಲೂ ಇರ್ಲಿಲ್ಲ.

ಹೆಜ್ಜೆ 4: ಬೇರೆ ಪದಗಳು ಏನ್ ಹೇಳ್ತವೆ, ಏನ್ ಹೇಳಲ್ಲ

ಸುಪ್ರೀಮೊ, ಎಕ್ಸೆಲ್ಸೊ: ಇದು ಬೀಜದ ಸೈಜ್ ಅಷ್ಟೇ. ಜರಡಿ ನಂಬರ್ 17 ಮೇಲೆ ನಿಂತ್ರೆ ಸುಪ್ರೀಮೊ, ಅದಕ್ಕಿಂತ ಚಿಕ್ಕದು ಎಕ್ಸೆಲ್ಸೊ. ನಮ್ಮಲ್ಲಿ ತೊಳೆದ ಅರೇಬಿಕಾ ಬೀಜನ ಪ್ಲಾಂಟೇಶನ್ ಎಎ, ಎ ಅಂತ ಮಾಡ್ತೀವಲ್ಲ, ಅದೇ ಕೆಲಸ. ದೊಡ್ಡ ಬೀಜ ಅಂದ್ರೆ ಒಳ್ಳೆ ರುಚಿ ಅಂತೇನಿಲ್ಲ.

ತಳಿ: ಕತುರ್ರಾ, ಕಾಸ್ತಿಯೊ, ಕೊಲಂಬಿಯಾ (ಹೌದು, ತಳಿ ಹೆಸರೂ ಅದೇ), ತೀಪಿಕಾ, ಹೀಗೆ. ಇಲ್ಲಿ ನಮ್ಮ ಊರಿಗೂ ಅವರಿಗೂ ನಿಜವಾದ ನೆಂಟಸ್ತಿಕೆ ಇದೆ. ತೀಪಿಕಾ ವಂಶದ ಬೀಜ ಡಚ್ಚರು 1690ರ ದಶಕದಲ್ಲಿ ಮಲಬಾರ್ ಕರಾವಳಿಯಿಂದ ಜಾವಾಗೆ ಒಯ್ದಿದ್ದು, ಅಲ್ಲಿಂದ ಆಮ್‌ಸ್ಟರ್‌ಡ್ಯಾಮ್, ಅಲ್ಲಿಂದ ಅಮೆರಿಕ ಖಂಡಕ್ಕೆ ಹೋಯ್ತು. ಎರಡನೇದು ಎಲೆ ತುಕ್ಕು ರೋಗದ ಕತೆ. ನಮ್ಮ ತೋಟಗಳಲ್ಲಿ ಕಾವೇರಿ ಅಂತ ಹಾಕ್ತಾರಲ್ಲ, ಅದು ಕತುರ್ರಾನ ತುಕ್ಕು ತಡೆಯೋ ತಿಮೋರ್ ಹೈಬ್ರಿಡ್ ಜೊತೆ ಕ್ರಾಸ್ ಮಾಡಿ ಬಂದ ಸಂತತಿ. ಕೊಲಂಬಿಯಾದ ಸಂಶೋಧನಾ ಕೇಂದ್ರ ಸೆನಿಕಾಫೆಯವ್ರೂ ಅದೇ ಎರಡನ್ನ ಸೇರಿಸಿ 1982ರಲ್ಲಿ ಕೊಲಂಬಿಯಾ ತಳಿ ಬಿಟ್ರು, ಮಾರನೇ ವರ್ಷ 1983ರಲ್ಲಿ ತುಕ್ಕು ಅವರ ದೇಶಕ್ಕೆ ಬಂದೇಬಿಡ್ತು. 2005ರಲ್ಲಿ ಕಾಸ್ತಿಯೊ ಬಂತು. ಆದ್ರೂ ಎಷ್ಟೋ ಜನ ಕತುರ್ರಾ ಬಿಡ್ಲಿಲ್ಲ, 2008ರಿಂದ ವಿಪರೀತ ಮಳೆ, ತುಕ್ಕು, ಜೊತೆಗೆ ಹಳೇ ಗಿಡ ಕಡಿದು ಹೊಸದು ನೆಡೋ ಕೆಲಸ, ಎಲ್ಲಾ ಕೂಡಿ 2007ರಲ್ಲಿ 1 ಕೋಟಿ 26 ಲಕ್ಷ ಮೂಟೆ ಇದ್ದ ಬೆಳೆ 2012ರಲ್ಲಿ 77 ಲಕ್ಷ ಮೂಟೆಗೆ ಕುಸೀತು, ಮೂಟೆ ಅಂದ್ರೆ 60 ಕೆಜಿ. ಅರ್ಧ ತೋಟ ಬೋಳಾದ ವರ್ಷ ನಮ್ಮನೇಲೂ ನೋಡಿದೀನಿ, ಆ ಸಂಖ್ಯೆ ಹಿಂದೆ ಎಷ್ಟು ಮನೆ ಸಾಲ ಇರತ್ತೆ ಅಂತ ಗೊತ್ತು. ಅದಕ್ಕೇ ಕಾಸ್ತಿಯೊ ಅಂದ್ರೆ ಮೂಗು ಮುರಿಯೋ ಕಾಫಿಪ್ರಿಯರ ಮಾತು ನಾನು ಒಪ್ಪಲ್ಲ. ಹಣ್ಣು ನೋಡಿ ಕುಯ್ದು, ಸರಿಯಾಗಿ ಒಣಗಿಸಿದ ಕಾಸ್ತಿಯೊ, ಅವಸರಕ್ಕೆ ಕುಯ್ದ ಕತುರ್ರಾಗಿಂತ ಯಾವತ್ತೂ ಮೇಲು.

ಪ್ರೊಸೆಸ್: ವಾಶ್ಡ್ ಅಂತಿದ್ರೆ ಸೀಮೆ ರುಚಿ ಸ್ಪಷ್ಟವಾಗಿ ಗೊತ್ತಾಗತ್ತೆ. ಸಿಪ್ಪೆ ಬಿಡಿಸಿ, ತೊಟ್ಟೀಲಿ ಒಂದು ರಾತ್ರಿ ಹುದುಗಿಸಿ, ತೊಳೆದು, ಒಣಗಿಸೋದು, ನಮ್ಮ ಪಾರ್ಚ್‌ಮೆಂಟ್ ಥರಾನೇ. ಮಳೆ ನಂಬೋಕಾಗಲ್ಲ ಅಂತ ಅಲ್ಲಿ ಮನೆ ಚಾವಣಿ ಮೇಲೇನೇ ಒಣಗಿಸಿ, ಮೋಡ ಬಂದ್ರೆ ಹಳಿ ಮೇಲೆ ಜಾರೋ ಸೂರನ್ನ ಎಳೆದು ಮುಚ್ತಾರೆ. ನ್ಯಾಚುರಲ್ ಅಂದ್ರೆ ನಮ್ಮ ಚೆರ್ರಿ ಥರ ಹಣ್ಣಿನ ಸಮೇತ ಒಣಗಿಸಿದ್ದು. ಈಗೀಗ ಕೋ ಫರ್ಮೆಂಟ್ ಅಂತ ಒಂದು ಬಂದಿದೆ, ಹುದುಗೋವಾಗ ಹಣ್ಣು, ಚಕ್ಕೆ ಅಂತ ಏನಾದ್ರೂ ಹಾಕೋದು, ಕಾಫಿ ಸ್ಟ್ರಾಬೆರಿ ಐಸ್‌ಕ್ರೀಮ್ ಥರ ವಾಸನೆ ಬರತ್ತೆ. ಇಷ್ಟಪಟ್ಟು ಕುಡಿಯೋರು ಕುಡೀಲಿ, ಬೆಳೆಗಾರನಿಗೆ ಒಳ್ಳೆ ರೇಟೂ ಸಿಗತ್ತೆ, ಆದ್ರೆ ಸೀಮೆ ರುಚಿ ಕಲೀಬೇಕು ಅಂತಿರೋರು ಮೊದಲ ಆರು ತಿಂಗಳು ವಾಶ್ಡ್ ಬಿಟ್ಟು ಬೇರೆ ತಗೊಳ್ಬೇಡಿ.

ರುಚಿ ಪದಗಳಲ್ಲಿ ಪನೇಲಾ ಅಂತ ಕಂಡ್ರೆ ಗಾಬರಿ ಬೇಡ, ಅದು ಬೆಲ್ಲ, ನಮ್ಮ ಅಚ್ಚುಬೆಲ್ಲದ ಥರದ್ದೇ. ಅಲ್ಲಿ ಹಳ್ಳಿ ಕಡೆ ಬೆಲ್ಲದ ನೀರಲ್ಲೇ ಕಾಫಿಪುಡಿ ಕುದಿಸಿ ಕುಡೀತಾರೆ, ಮಲೆನಾಡಿನ ಬೆಲ್ಲದ ಕಾಫಿ ಕುಡಿದವ್ರಿಗೆ ಇನ್ನೇನ್ ಹೇಳ್ಬೇಕು. ಗುವಾನಾಬಾನಾ ಅಂದ್ರೆ ಲಕ್ಷ್ಮಣಫಲ. ಮರಾಕುಯಾ ಅಂದ್ರೆ ಪ್ಯಾಶನ್ ಫ್ರೂಟ್, ಕೊಡಗಿನವ್ರಿಗೆ ಗೊತ್ತೇ ಇರತ್ತೆ.

ಹೆಜ್ಜೆ 5: ಎರಡು ಲೋಟ ಪಕ್ಕಪಕ್ಕ ಇಟ್ಟು ಕುಡೀರಿ

ಇದೇ ಅಸಲು ಪಾಠ, ಓದಿ ಬರಲ್ಲ. ಒಂದು ದಕ್ಷಿಣದ್ದು, ವೀಲಾ ಅಥ್ವಾ ನಾರಿನ್ಯೊ, ಇನ್ನೊಂದು ಉತ್ತರದ್ದು, ಸಾಂತಾಂದೆರ್ ಅಥ್ವಾ ಸಿಯೆರ್ರಾ ನೆವಾದಾ. ಎರಡೂ ವಾಶ್ಡ್, ಎರಡೂ ಒಂದೇ ಥರ ಹುರಿದಿದ್ದು, ಸಾಧ್ಯ ಆದ್ರೆ ಒಂದೇ ರೋಸ್ಟರ್ (ಕಾಫಿ ಹುರಿದು ಮಾರೋರು) ಕಡೆದು.

ಎರಡು ಲೋಟಕ್ಕೂ 12 ಗ್ರಾಂ ಪುಡಿ, ಬನ್ಸಿ ರವೆ ಅಷ್ಟು ದಪ್ಪ. ನೀರು ಕುದ್ದ ಮೇಲೆ ಅರ್ಧ ನಿಮಿಷ ಬಿಟ್ಟು ಒಂದೊಂದಕ್ಕೆ 200 ಮಿಲಿ ಹಾಕಿ. ಬೋರ್ ನೀರು ಬೇಡ, ಗಡಸು ನೀರು ಹುಳಿಯನ್ನ ನುಂಗ್ಬಿಡತ್ತೆ, ನಾರಿನ್ಯೊ ಸಾಂತಾಂದೆರ್ ಎರಡೂ ಒಂದೇ ಥರ ಸಪ್ಪೆ ಆಗತ್ತೆ. ನಾಲ್ಕು ನಿಮಿಷ ಮುಟ್ಬೇಡಿ, ಮೇಲೆ ಪುಡಿ ಗಟ್ಟಿಯಾಗಿ ಕೂತಿರತ್ತೆ, ಆಮೇಲೆ ಮೂಗು ಹತ್ರ ಇಟ್ಟು ಚಮಚದಲ್ಲಿ ಮೆಲ್ಲಗೆ ಒಡೀರಿ, ಆಗ ಬರೋ ಮೊದಲ ವಾಸನೆ ತಪ್ಪಿಸ್ಕೋಬೇಡಿ. ತೇಲೋ ನೊರೆ ತೆಗೀರಿ. ಹತ್ತು ನಿಮಿಷ ಆದ್ಮೇಲೆ ಚಮಚದಲ್ಲಿ ತಗೊಂಡು ಸೊರ್ ಅಂತ ಸದ್ದು ಮಾಡಿ ಎಳೀರಿ, ಚಿಕ್ಕೋರಿದ್ದಾಗ ಹಾಗೆ ಕುಡಿದ್ರೆ ಬೈತಿದ್ರು, ಇಲ್ಲಿ ಹಾಗೇ ಕುಡೀಬೇಕು, ಗಾಳಿ ಸೇರಿ ವಾಸನೆ ಮೂಗಿನ ಹಿಂಭಾಗಕ್ಕೆ ಹೋಗತ್ತೆ.

ಮೂರು ಪ್ರಶ್ನೆ ಕೇಳ್ಕೊಳ್ಳಿ. ಬಾಯಲ್ಲಿ ನೀರೂರ್ತಿದ್ಯಾ? ಅದು ಹುಳಿ. ನಾಲಿಗೆ ಮೇಲೆ ತಿಳಿನೀರಿನ ಥರ ಇದ್ಯಾ, ಗಂಜಿ ತಿಳಿ ಥರ ಕೂರ್ತಿದ್ಯಾ? ಅದು ಗಟ್ಟಿತನ. ನುಂಗಿ ಒಂದು ನಿಮಿಷ ಆದ್ಮೇಲೆ ಬಾಯಲ್ಲಿ ಏನು ಉಳಿದಿದೆ, ಬೆಲ್ಲನಾ, ಚಾಕಲೇಟಾ, ಬರೀ ಕಹಿನಾ? ಬಿಸಿ ಇದ್ದಾಗ, ಉಗುರುಬೆಚ್ಚಗಾದಾಗ, ಆರಿದ ಮೇಲೆ, ಮೂರು ಸಲನೂ ಕುಡೀರಿ. ಒಳ್ಳೆ ವೀಲಾ ಕಾಫಿ ಆರ್ತಾ ಆರ್ತಾ ಹಣ್ಣಾಗ್ತಾ ಹೋಗತ್ತೆ. ಕೆಟ್ಟದ್ದು ಆರಿದಾಗ ಬಣ್ಣ ಬಯಲು. ಪ್ಯಾಕೆಟ್ ಮೇಲೆ ಜಾಸ್ಮಿನ್ ಅಂತ ಬರೆದಿದ್ದು ನಿಮಗೆ ಸಿಕ್ಕಿಲ್ಲ ಅಂದ್ರೆ ನಿಮ್ಮ ನಾಲಿಗೆ ಕೆಟ್ಟಿದೆ ಅಂತಲ್ಲ, ನಿಮಗೆ ಗೊತ್ತಿರೋ ರುಚಿ ಹೆಸರಲ್ಲೇ ಬರ್ಕೊಳ್ಳಿ, ನನ್ನ ಪುಸ್ತಕದಲ್ಲಿ ಪುನರ್ಪುಳಿ, ಜೋನಿಬೆಲ್ಲ, ಹುರಿದ ಎಳ್ಳು ಅಂತೆಲ್ಲ ಇದೆ.

ಹೆಜ್ಜೆ 6: ಯಾವುದನ್ನ ಹೇಗೆ ಮಾಡೋದು

ನಾರಿನ್ಯೊ, ಕೌಕಾ, ತೋಲಿಮಾ, ವೀಲಾ ಲೈಟ್ ರೋಸ್ಟ್: ಪೇಪರ್ ಫಿಲ್ಟರ್, 15 ಗ್ರಾಂ ಪುಡಿಗೆ 240 ಮಿಲಿ ನೀರು, ಮೂರು ನಿಮಿಷದ ಆಸುಪಾಸು ಇಳೀಬೇಕು. ತೀರಾ ಹುಳಿ ಅನ್ಸಿದ್ರೆ ಪುಡಿ ಸ್ವಲ್ಪ ಸಣ್ಣ ಮಾಡಿ, ನೀರು ಇನ್ನೂ ಬಿಸಿ ಇರ್ಲಿ, ಹುಳಿ ಜಾಸ್ತಿ ಅನ್ಸೋದು ಎಷ್ಟೋ ಸಲ ಕಾಫಿ ಪೂರ್ತಿ ಇಳಿದಿಲ್ಲ ಅನ್ನೋ ಕಾರಣಕ್ಕೇನೇ.

ಹಾಲಿನ ಫಿಲ್ಟರ್ ಕಾಫಿ ಬೇಕು ಅನ್ನೋರಿಗೆ ಸಾಂತಾಂದೆರ್, ಸಿಯೆರ್ರಾ ನೆವಾದಾ, ಕಾಲ್ದಾಸ್, ಆಂತಿಯೋಕಿಯಾ, ಮೀಡಿಯಂ ಅಥ್ವಾ ಸ್ವಲ್ಪ ಜಾಸ್ತಿ ಹುರಿದಿದ್ದು. ನಮ್ಮ ಫಿಲ್ಟರ್‌ಗೆ 25 ಗ್ರಾಂ ಪುಡಿ, 120 ಮಿಲಿ ಬಿಸಿನೀರು, ಪುಡಿ ಮಾಮೂಲಿಗಿಂತ ಒಂಚೂರು ಸಣ್ಣ, ಯಾಕಂದ್ರೆ ಚಿಕೋರಿ ಇಲ್ದಿರೋ ಪುಡೀಲಿ ನೀರು ಬೇಗ ಇಳಿದು ಡಿಕಾಕ್ಷನ್ ತೆಳು ಆಗತ್ತೆ. ಚಿಕೋರಿ ಹಾಕ್ಬೇಡಿ, ಹಾಕಿದ್ರೆ ಸೀಮೆಗೆ ಕೊಟ್ಟ ದುಡ್ಡು ಮುಳುಗಿದ ಹಾಗೆ. ಡಿಕಾಕ್ಷನ್ ಅಷ್ಟೇ ಹಾಲು ಹಾಕಿ ಮೊದಲು ರುಚಿ ನೋಡಿ, ಸಕ್ಕರೆ ಬದ್ಲು ಬೆಲ್ಲ ಹಾಕಿದ್ರೆ ಸಾಂತಾಂದೆರ್ ಕಾಫಿಗೆ ಹೇಳಿ ಮಾಡಿಸಿದ ಜೋಡಿ.

ನನ್ನ ಥರ ಗೊತ್ತಿಲ್ದೆ ನಾರಿನ್ಯೊ ಪ್ಯಾಕೆಟ್ ತಂದು, ಮನೇಲಿ ಕಪ್ಪು ಕಾಫಿ ಯಾರೂ ಕುಡಿಯಲ್ಲ ಅಂತಾದ್ರೆ ಸುರೀಬೇಡಿ. ಊರಿಂದ ತಂದ ಜಾಸ್ತಿ ಹುರಿದ ಪ್ಲಾಂಟೇಶನ್ ಪುಡಿ ಮೂರು ಭಾಗ, ಇದು ಒಂದು ಭಾಗ ಸೇರಿಸಿ ಡಿಕಾಕ್ಷನ್ ಇಳ್ಸಿ, ಹಾಲು ಹಾಕಿದ್ಮೇಲೆ ಹುಳಿ ಅನ್ಸಲ್ಲ, ಕೊನೇಲಿ ಸಣ್ಣಗೆ ಕಿತ್ತಳೆ ಸಿಪ್ಪೆಯ ಘಮ ಉಳಿಯತ್ತೆ. ನಮ್ಮನೇಲಿ ಈಗ ಭಾನುವಾರದ ಕಾಫಿ ಅದೇ.